ಕಟ್ಟಿಸಿದವರು, ಕಟ್ಟಿದವರು: ಫಲಕ ಬರೆಯುವವರಿಗೆ ಇಟ್ಟಂಗಿಹಾಳದಿಂದ ಒಂದು ಬಹಿರಂಗ ಪತ್ರ

ಸ್ಮಾರಕಗಳ ಮುಂದೆ ನಿಲ್ಲಿಸುವ ಫಲಕದಲ್ಲಿ ಏನಿರಬೇಕು, ಏನು ಬೇಡ ಎಂದು ತೀರ್ಮಾನಿಸುವ ನಿಮಗೆಲ್ಲ,



ನಾನು ವಿಜಯಪುರದ ಮಗ್ಗುಲಿನ ಇಟ್ಟಂಗಿಹಾಳದವನು. ಮೂವತ್ತೊಂದು ವರ್ಷ ಕನ್ನಡ ಮಾಸ್ತರಿಕೆ ಮಾಡಿ ಮನೆಗೆ ಬಂದಿದ್ದೇನೆ. ಆ ಮೂವತ್ತೊಂದು ವರ್ಷವೂ ದೀಪಾವಳಿ ಸೂಟಿ ಮುಗಿದ ಮೇಲೆ ಮಕ್ಕಳನ್ನು ಟಂಟಂನಲ್ಲೋ ಟ್ರ್ಯಾಕ್ಟರಿನಲ್ಲೋ ತುಂಬಿಕೊಂಡು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್, ತೊರವಿ ತೋರಿಸಿ ತಂದಿದ್ದೇನೆ. ನೀವು ಬರೆದ ಫಲಕಗಳನ್ನು ನನ್ನಷ್ಟು ಸಲ ಗಟ್ಟಿಯಾಗಿ ಓದಿದವರು ಈ ಸೀಮೆಯಲ್ಲಿ ಬಹಳ ಮಂದಿ ಇರಲಾರರು. ಯಾವ ಸುಲ್ತಾನ, ಯಾವ ಇಸವಿ, ಎಷ್ಟು ಎತ್ತರ, ಎಷ್ಟು ಅಗಲ ಎಲ್ಲವೂ ಬಾಯಿಪಾಠ.

ನಿವೃತ್ತಿಗೆ ಎರಡು ವರ್ಷ ಇರುವಾಗ ಗೋಳಗುಮ್ಮಟದ ಮುಂದೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ, ಇದನ್ನ ಯಾರು ಕಟ್ಟಿದ್ರಿ?" ಮಹಮ್ಮದ ಆದಿಲಶಾಹ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂವ ಕಟ್ಟಿಸಿದಾಂವಲ್ರಿ? ಕಟ್ಟಿದವ್ರು ಯಾರು ಅಂತ ಕೇಳಿದ್ನಿರಿ" ಎಂದಳು. ಅದೇ ವಾರ ತರಗತಿಯಲ್ಲಿ ಪ್ರೇರಣಾರ್ಥಕ ಕ್ರಿಯಾಪದ ಕಲಿಸಿದ್ದೆ. ಮಾಡು ಮಾಡಿಸು, ಓದು ಓದಿಸು, ಕಟ್ಟು ಕಟ್ಟಿಸು. ತಾನು ಮಾಡುವುದು ಒಂದು, ಇನ್ನೊಬ್ಬರ ಕೈಯಿಂದ ಮಾಡಿಸುವುದು ಇನ್ನೊಂದು ಎಂದು ಹಲಗೆಯ ಮೇಲೆ ಬರೆದಿದ್ದೆ. ಅವಳು ಪಾಠವನ್ನು ಸರಿಯಾಗಿ ಕೇಳಿಸಿಕೊಂಡಿದ್ದಳು. ಮಾಸ್ತರನಾದ ನಾನೇ ಮರೆತಿದ್ದೆ.

ಆ ಹುಡುಗಿಯ ಅಪ್ಪ ಅವ್ವ ಇಬ್ಬರೂ ಇಟ್ಟಂಗಿ ಭಟ್ಟಿಯಲ್ಲಿ ದುಡಿಯುತ್ತಿದ್ದರು. ಗುಮ್ಮಟದ ಮೇಲಿನ ಆ ದೊಡ್ಡ ಗೋಳ, ಹೊರಗಿನ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ್ದು, ಇಟ್ಟಂಗಿ ಮತ್ತು ಗಚ್ಚಿನದು ಎಂದು ನಾನು ಹೇಳಿದ್ದೇ ಅವಳ ತಲೆ ಹೊಕ್ಕಿತ್ತು. ಇಟ್ಟಂಗಿ ಎಂದರೆ ಮಣ್ಣು ಕಲಸುವುದು, ಅಚ್ಚಿಗೆ ಹೊಡೆಯುವುದು, ಬಿಸಿಲಿಗೆ ಹರವುವುದು, ಮಗ್ಗಲು ತಿರುವುವುದು, ಹೊರುವುದು, ಸುಡುವುದು. ಇಷ್ಟು ಗೊತ್ತಿರುವ ಕೂಸಿಗೆ ಅಷ್ಟು ಇಟ್ಟಂಗಿ ಯಾರು ಹೊತ್ತರು ಎಂಬ ಪ್ರಶ್ನೆ ಹುಟ್ಟದೆ ಹೇಗಿರುತ್ತದೆ? ನಮ್ಮೂರಿನ ಹೆಸರಿನಲ್ಲೇ ಇಟ್ಟಂಗಿ ಇದೆ. ಆದರೂ ಅದನ್ನು ಮೊದಲು ಕೇಳಿದ್ದು ಅವಳು.

ಅವಳಿಗೆ ಉತ್ತರ ಕೊಡದೆ ಗಾಡಿ ಹತ್ತಿಸಿದೆ. ಆ ಬಾಕಿ ನನ್ನ ಮೇಲೆ ಹಾಗೇ ಉಳಿಯಿತು. ಹೋದ ವರ್ಷ ಅಮೆರಿಕದಲ್ಲಿ ನೋಡಿದ ಒಂದು ಹತ್ತಿ ತೋಟ ಅದನ್ನು ಮತ್ತೆ ನೆನಪಿಸಿತು. ಅದಕ್ಕೇ ಈ ಪತ್ರ.

ನನ್ನ ಮಗಳು ಉತ್ತರ ಕೆರೊಲಿನಾದಲ್ಲಿದ್ದಾಳೆ. ಅಲ್ಲಿಂದ ಕೆಲವು ತಾಸು ಕಾರಿನಲ್ಲಿ ಇಳಿದರೆ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರು. ಉತ್ತರ ಅಮೆರಿಕದ ನೆಲದಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಅತಿ ಹೆಚ್ಚು ಇಳಿಸಿಕೊಂಡ ಬಂದರು ಅದು. ಅವರನ್ನು ಇಳಿಸುತ್ತಿದ್ದ ಗ್ಯಾಡ್ಸ್‌ಡನ್ ಕಟ್ಟೆಯ ಮೇಲೆ 2023ರಲ್ಲಿ ಒಂದು ದೊಡ್ಡ ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಊರು ಬಹಳ ಚೆಂದ. ಓಣಿ ಓಣಿಗೆ ಹೂವು, ಕಬ್ಬಿಣದ ಕುಸುರಿ ಬಾಗಿಲು, ಕೆಂಪು ಇಟ್ಟಂಗಿಯ ಮನೆಗಳು. ಒಂದು ಹಳೆಯ ಗೋಡೆಯ ಹತ್ತಿರ ಮಗಳು ನನ್ನನ್ನು ನಿಲ್ಲಿಸಿ, "ಅಪ್ಪಾ, ಇಲ್ಲಿ ಬೆರಳಿಟ್ಟು ನೋಡು" ಎಂದಳು. ಇಟ್ಟಂಗಿಯ ಮಗ್ಗುಲಿಗೆ ನಾಲ್ಕು ಸಣ್ಣ ತಗ್ಗುಗಳಿದ್ದವು. ನನ್ನ ಬೆರಳು ಅವುಗಳಲ್ಲಿ ಕೂರಲಿಲ್ಲ, ದಪ್ಪವಾಯಿತು.

ಆ ಊರಿನ ಇಟ್ಟಂಗಿಗಳು ಕೂಪರ್, ವಾಂಡೊ ಎಂಬ ಹೊಳೆಗಳ ದಂಡೆಯ ತೋಟಗಳಲ್ಲಿ ತಯಾರಾದವು. ಮಾಡಿದವರು ಗುಲಾಮಗಿರಿಯಲ್ಲಿದ್ದ ಹೆಣ್ಣು, ಗಂಡು, ಮಕ್ಕಳು. ಹಸಿ ಇಟ್ಟಂಗಿಯನ್ನು ಅಚ್ಚಿನಿಂದ ಎತ್ತಿ ಒಣಗಲು ಇಡುವಾಗ ಒತ್ತಿದ ಬೆರಳು ಭಟ್ಟಿಯಲ್ಲಿ ಸುಟ್ಟು ಹಾಗೇ ನಿಂತುಬಿಟ್ಟಿದೆ. ಗೋಡೆಯ ಒಡೆಯನ ಹೆಸರನ್ನು ನಾನು ಕೇಳಲೂ ಇಲ್ಲ. ಹುಡುಗಿಯ ಪ್ರಶ್ನೆಗೆ ಅಲ್ಲೊಂದು ಉತ್ತರ ಸಿಕ್ಕಿತ್ತು. ಕಟ್ಟಿದವರು ಇವರು, ಅವರ ಕೈ ಇಲ್ಲಿದೆ.

ಮರುದಿನ ಜೇಮ್ಸ್ ದ್ವೀಪದ ಮೆಕ್ಲೌಡ್ ತೋಟಕ್ಕೆ ಹೋದೆವು. 1851ರಲ್ಲಿ ವಿಲಿಯಂ ವ್ಯಾಲೇಸ್ ಮೆಕ್ಲೌಡ್ ಕೊಂಡ ಜಮೀನು. ಬೆಳೆ ಸೀ ಐಲ್ಯಾಂಡ್ ಹತ್ತಿ, ರೇಷ್ಮೆಯಂಥ ಉದ್ದ ಎಳೆಯದು. 1860ರ ಲೆಕ್ಕದಲ್ಲಿ ಅಲ್ಲಿ 74 ಜನ ಗುಲಾಮಗಿರಿಯಲ್ಲಿದ್ದರು, ಅವರಿಗೆ 26 ಗುಡಿಸಲುಗಳು. 2015ರಿಂದ ಅದು ಚಾರ್ಲ್ಸ್‌ಟನ್ ಕೌಂಟಿಯ ಉದ್ಯಾನ ಇಲಾಖೆ ನಡೆಸುವ ಸಾರ್ವಜನಿಕ ಐತಿಹಾಸಿಕ ತಾಣ. ಟಿಕೆಟ್ ಕೊಂಡು ಯಾರು ಬೇಕಾದರೂ ಹೋಗಬಹುದು.

ಬಿಳಿ ಕಂಬಗಳ ಒಡೆಯರ ಮನೆ ದೂರದಿಂದಲೇ ಕಾಣುತ್ತದೆ. ನನ್ನ ಕಾಲು ತಾನಾಗಿ ಅತ್ತ ತಿರುಗಿತು, ಮೂವತ್ತೊಂದು ವರ್ಷದ ರೂಢಿ. ಮಾರ್ಗದರ್ಶಿ ನಮ್ಮನ್ನು ಅತ್ತ ಒಯ್ಯಲಿಲ್ಲ. ಓಕ್ ಮರಗಳ ಸಾಲಿನ ಕೆಳಗೆ ಉಳಿದಿರುವ ಕೆಲವು ಬಿಳಿ ಹಲಗೆಯ ಗುಡಿಸಲುಗಳ ಮುಂದೆ ನಿಲ್ಲಿಸಿ ಮಾತು ಶುರು ಮಾಡಿದರು. ಒಂದೊಂದು ಗುಡಿಸಲಿಗೆ ಒಂದೇ ಕೋಣೆ, ಒಂದು ಒಲೆ. ಹತ್ತಿ ಬಿತ್ತುವುದರಿಂದ ಹಿಡಿದು ಬೀಜ ಬಿಡಿಸಿ ಮೂಟೆ ಕಟ್ಟುವವರೆಗೆ ಯಾವ ತಿಂಗಳು ಯಾರ ಕೈಗೆ ಏನು ಕೆಲಸ ಎಂದು ವಿವರಿಸಿದರು. ಹತ್ತಿ ಬಿಡಿಸುವವರ ಬೆರಳಿನ ತುದಿ ಹೇಗಾಗುತ್ತದೆ ಎಂದು ಅವರು ಹೇಳುವಾಗ ನನಗೆ ನನ್ನ ಅವ್ವನ ಕೈ ಕಂಡಿತು. ಒಣಗಿದ ಹತ್ತಿಕಾಯಿಯ ಮೊನೆ ಎಲ್ಲ ದೇಶದಲ್ಲೂ ಒಂದೇ ರೀತಿ ಚುಚ್ಚುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಬಳಸಿದ ಒಂದು ಪದ. ಗುಲಾಮರು ಎಂದು ಅವರು ಹೇಳುವುದಿಲ್ಲ, ಗುಲಾಮರನ್ನಾಗಿ ಮಾಡಲಾದ ಜನ ಎನ್ನುತ್ತಾರೆ. ಯಾರೂ ಹುಟ್ಟಿನಿಂದ ಗುಲಾಮರಲ್ಲ, ಇನ್ನೊಬ್ಬರು ಅವರನ್ನು ಹಾಗೆ ಮಾಡಿ ಇಟ್ಟಿದ್ದರು ಎಂದು ಆ ಮಾತು ಪ್ರತಿ ಸಲವೂ ನೆನಪಿಸುತ್ತದೆ. ನನ್ನ ವ್ಯಾಕರಣ ಪಾಠದ ಪ್ರೇರಣಾರ್ಥಕವನ್ನು ಅವರು ಇಡೀ ತೋಟದ ಕಥೆಗೆ ಹಚ್ಚಿದ್ದರು. ನಮ್ಮ ಕಡೆ "ಅಂವ ಸಾಲದಾಗ ಅದಾನ" ಎನ್ನುತ್ತೇವೆ. ಸಾಲ ಕೊಟ್ಟು ಕಟ್ಟಿಹಾಕಿದವನು ಆ ವಾಕ್ಯದಲ್ಲಿ ಎಲ್ಲಿಯೂ ಬರುವುದಿಲ್ಲ. "ಜೀತಕ್ಕೆ ಇದ್ದ" ಎಂದು ಬರೆಯುತ್ತೇವೆ, "ಜೀತಕ್ಕೆ ಇಟ್ಟುಕೊಂಡರು" ಎಂದು ಬರೆಯಲು ಕೈ ತಡವರಿಸುತ್ತದೆ.

1865ರಲ್ಲಿ ಅಮೆರಿಕದ ಅಂತರ್ಯುದ್ಧ ತಿರುಗಿ ಚಾರ್ಲ್ಸ್‌ಟನ್ ಬಿದ್ದ ಮೇಲೆ ಕಪ್ಪು ಸೈನಿಕರ 55ನೇ ಮ್ಯಾಸಚೂಸೆಟ್ಸ್ ರೆಜಿಮೆಂಟ್ ಇದೇ ತೋಟದಲ್ಲಿ ಬೀಡುಬಿಟ್ಟಿತ್ತು. ಒಡೆಯನ ಮನೆಯೇ ಬಿಡುಗಡೆಯಾದವರ ಅರ್ಜಿ ಕೇಳುವ ಕಚೇರಿಯಾಯಿತು. ಜಮೀನು ಕೊಡುತ್ತೇವೆ ಎಂಬ ಮಾತು ಬಂತು, ಹಾಗೇ ಹಿಂದಕ್ಕೂ ಹೋಯಿತು. ಹಳೆಯ ಒಡೆಯರಿಗೆ ಭೂಮಿ ಮರಳಿತು. ಗುಡಿಸಲುಗಳಲ್ಲಿ ಮಾತ್ರ ಆ ಜನರ ಸಂತತಿಯವರು ಬಾಡಿಗೆ ಕೊಟ್ಟು ಹೆಚ್ಚುಕಡಿಮೆ 1990ರವರೆಗೂ ವಾಸವಿದ್ದರು. ನಾನು ನಮ್ಮ ಶಾಲೆಗೆ ಸೇರಿ ಹಾಜರಿ ಕೂಗುತ್ತಿದ್ದ ಕಾಲವದು. ಇತಿಹಾಸ ಎಂದು ನಾನು ನೋಡಲು ಹೋದದ್ದು ನನ್ನ ವಯಸ್ಸಿನವರ ಮನೆಯಾಗಿತ್ತು.

ಗುಂಪಿನಲ್ಲಿದ್ದ ಒಂದು ಕುಟುಂಬ ಅರ್ಧಕ್ಕೇ ಎದ್ದು ಹೋಯಿತು. ತೋಟದ ಮನೆಯ ಪೀಠೋಪಕರಣ, ಪಿಂಗಾಣಿ, ಉದ್ಯಾನ ನೋಡಲು ಬಂದವರಿಗೆ ಈ ಮಾತು ರುಚಿಸುವುದಿಲ್ಲ. ಆ ಸೀಮೆಯ ಅನೇಕ ತೋಟಗಳು ಇಂದಿಗೂ ಮದುವೆ ಮಂಟಪಗಳು. 2019ರ ಡಿಸೆಂಬರಿನಲ್ಲಿ ಪಿಂಟರೆಸ್ಟ್, ದಿ ನಾಟ್‌ನಂಥ ಜಾಲತಾಣಗಳು ತೋಟದ ಮದುವೆಗಳಿಗೆ ಪ್ರಚಾರ ಕೊಡುವುದನ್ನು ನಿಲ್ಲಿಸುವುದಾಗಿ ಹೇಳಬೇಕಾಯಿತು. ಲೂಸಿಯಾನಾದ ವಿಟ್ನಿ ತೋಟ ಮೆಕ್ಲೌಡ್‌ಗಿಂತ ಇನ್ನೂ ಮುಂದೆ ಹೋಗಿದೆ. 2014ರ ಡಿಸೆಂಬರಿನಲ್ಲಿ ಜನರಿಗೆ ತೆರೆದ ಆ ತಾಣವನ್ನು ಪೂರ್ತಿ ದುಡಿದವರ ಕಣ್ಣಿನಿಂದಲೇ ಕಟ್ಟಿದ್ದಾರೆ. ಲೂಸಿಯಾನಾದಲ್ಲಿ ಗುಲಾಮಗಿರಿಯಲ್ಲಿದ್ದ 1,07,000 ಜನರ ಹೆಸರುಗಳನ್ನು ಅಲ್ಲಿ ಕಲ್ಲಿನ ಮೇಲೆ ಕೆತ್ತಿದ್ದಾರೆ. ಗ್ವೆಂಡೊಲಿನ್ ಮಿಡ್ಲೊ ಹಾಲ್ ಎಂಬ ಇತಿಹಾಸಕಾರ್ತಿ ಹಳೆಯ ಕ್ರಯಪತ್ರ, ಜಪ್ತಿ ಪಟ್ಟಿ, ಆಸ್ತಿ ಹಂಚಿಕೆಯ ಕಾಗದಗಳನ್ನು ವರ್ಷಗಟ್ಟಲೆ ಓದಿ ಒಂದೊಂದಾಗಿ ಎತ್ತಿದ ಹೆಸರುಗಳು ಅವು. ಮಾರುವವರು ಬರೆದಿಟ್ಟ ಲೆಕ್ಕದಿಂದಲೇ ಮಾರಲ್ಪಟ್ಟವರ ಹೆಸರು ಹೊರಬಂದಿದೆ.

ಫಲಕದಿಂದ ಎಲ್ಲವೂ ಸರಿಯಾಗುತ್ತದೆ ಎಂದು ನಾನು ನಂಬಿಲ್ಲ. 2015ರ ಜೂನ್ 17ರಂದು ಚಾರ್ಲ್ಸ್‌ಟನ್ನಿನ ಇಮ್ಯಾನ್ಯುಯಲ್ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದ ಒಂಬತ್ತು ಕಪ್ಪು ಜನರನ್ನು ಗುಂಡಿಟ್ಟು ಕೊಂದ ಯುವಕ ಅದಕ್ಕೂ ಮುಂಚೆ ಇದೇ ಮೆಕ್ಲೌಡ್ ತೋಟಕ್ಕೆ ಬಂದು ಫೋಟೊ ತೆಗೆದುಕೊಂಡು ಹೋಗಿದ್ದ. ಗುಡಿಸಲುಗಳನ್ನು ಅವನೂ ನೋಡಿದ್ದ. ಇದನ್ನು ತಿಳಿದ ಮೇಲೆ ಆ ಓಕ್ ಮರದ ಕೆಳಗೆ ಬಹಳ ಹೊತ್ತು ಕೂತೆ. ಆದರೂ ಅಲ್ಲಿನವರು ಆಮೇಲೂ ಬಾಗಿಲು ತೆರೆದು ಮತ್ತೆ ಅದೇ ಗುಡಿಸಲಿನ ಮುಂದಿನಿಂದಲೇ ಕಥೆ ಶುರು ಮಾಡಿದರು. ನಾನು ಗೌರವಿಸುವುದು ಅದನ್ನು.

ಆ ಹತ್ತಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ನೇರವಾಗಿದೆ. ಇಂಗ್ಲೆಂಡಿನ ಗಿರಣಿಗಳು ಅಮೆರಿಕದ ಗುಲಾಮಗಿರಿಯ ಹತ್ತಿಯ ಮೇಲೆ ನಿಂತಿದ್ದವು, ಆ ನೆಚ್ಚಿಕೆ ಅಪಾಯ ಎಂದು ಅವರಿಗೂ ಗೊತ್ತಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಹೆಚ್ಚಿನ ಕಡೆ ಅವರ ಪ್ರಯೋಗ ಕೈಕೊಟ್ಟಿತು. ಒಗ್ಗಿದ ನೆಲ ಎಂದರೆ ನಮ್ಮ ಧಾರವಾಡ ಸೀಮೆ. ನ್ಯೂ ಆರ್ಲಿಯನ್ಸ್ ಬೀಜ ಅಲ್ಲಿಯ ಎರಿಮಣ್ಣಿಗೆ ಹೊಂದಿಕೊಂಡು ಧಾರವಾಡ-ಅಮೆರಿಕನ್ ಎಂಬ ಹೆಸರಿನಲ್ಲಿ ಮುಂಬಯಿ ಪೇಟೆಗೆ ಹೋಯಿತು. ಜವಾರಿ ಹತ್ತಿಯ ಪಕ್ಕದಲ್ಲಿ ವಿಲಾಯ್ತಿ ಹತ್ತಿ ಬಂದು ಕೂತಿತು. 1861ರಲ್ಲಿ ಅಮೆರಿಕದಲ್ಲಿ ಆ ಅಂತರ್ಯುದ್ಧ ಶುರುವಾಗಿ, ದಕ್ಷಿಣದ ಬಂದರುಗಳು ಮುಚ್ಚಿದಾಗ ನಮ್ಮ ಕಡೆಯ ಹತ್ತಿಗೆ ಕಂಡರಿಯದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿದು ಮುಂಬಯಿಯ ದೊಡ್ಡ ದೊಡ್ಡ ಪೇಢಿಗಳೇ ಮುಳುಗಿದವು. ಮೆಕ್ಲೌಡ್ ತೋಟದ ಜನ ಸಂಕೋಲೆ ಕಳಚಿದ ವರ್ಷವೇ ನಮ್ಮ ರೈತನ ಗಂಟು ಕರಗಿದ ವರ್ಷ. ಎರಡನ್ನೂ ಒಟ್ಟಿಗೆ ಹೇಳುವ ಒಂದು ಫಲಕ ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ನಿಲ್ಲಬಾರದೇಕೆ?

ಇನ್ನು ನಮ್ಮ ತೊರವಿಗೆ ಬರುತ್ತೇನೆ. ನಮ್ಮೂರಿನವರಿಗೆ ಅದು ಕಣ್ಣೆದುರಿನ ಊರು. ನರಸಿಂಹನ ಗುಡಿ ಇರುವ ಊರು, ಕುಮಾರವಾಲ್ಮೀಕಿ ರಾಮಾಯಣ ಬರೆದ ಊರು, ಈಗ ಮಹಿಳಾ ವಿಶ್ವವಿದ್ಯಾಲಯ ಇರುವ ಊರು. ಇಲ್ಲಿಯೇ 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ ನವರಸಪುರ ಎಂಬ ಹೊಸ ನಗರ ಕಟ್ಟಿಸಲು ಹೊರಟ. ಸರಸ್ವತಿ, ಗಣಪತಿಯರ ಮೇಲೆ ಹಾಡು ಕಟ್ಟಿದ ಸುಲ್ತಾನ ಅವನು. ಅದಕ್ಕೆ ನಮ್ಮವರು ಜಗದ್ಗುರು ಬಾದಶಹ ಎಂದು ಕರೆದರು, ನಾನೂ ಮಕ್ಕಳಿಗೆ ಪ್ರೀತಿಯಿಂದ ಹಾಗೇ ಹೇಳಿಕೊಟ್ಟಿದ್ದೇನೆ. ರಾಜ್ಯದ ಮೂಲೆಮೂಲೆಯಿಂದ ಕಲ್ಲುಕುಟಿಗರು, ಗೌಂಡಿಗಳು ಬಂದರು. ನಗರ ಪೂರ್ತಿಯಾಗಲಿಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ನುಗ್ಗಿ ಬಂದು ಅದನ್ನು ಹಾಳುಮಾಡಿದ. ಅಲ್ಲಿಯ ಸಂಗೀತ ಮಹಲಿನ ಎತ್ತರದ ಕಮಾನು ಇಂದಿಗೂ ನಿಂತಿದೆ.

ಮಲಿಕ್ ಅಂಬರ್ ಯಾರು? ಇಥಿಯೋಪಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ದಖ್ಖನಿಗೆ ಬಂದವನು. ಬೆಳೆದು ದಳಪತಿಯಾಗಿ ಮೊಗಲರನ್ನೇ ತಡೆದು ನಿಲ್ಲಿಸಿದವನು. ವಿಜಯಪುರದ ದರಬಾರಿನಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನನೂ ಹಬಶಿ, ಎಂದರೆ ಆಫ್ರಿಕಾ ಮೂಲದವನು. ಅರಬ್ಬಿ ಸಮುದ್ರ ದಾಟಿಸಿ ಆಫ್ರಿಕಾದ ಮಕ್ಕಳನ್ನು ತಂದು ಮಾರುವ ವ್ಯಾಪಾರ ನಮ್ಮ ಕರಾವಳಿಯಲ್ಲಿ ಶತಮಾನಗಟ್ಟಲೆ ನಡೆಯಿತು. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕನ್ನಡವನ್ನೂ ಮಾತಾಡುವ ಸಿದ್ದಿ ಬಂಧುಗಳ ಪೂರ್ವಿಕರು ಬಂದದ್ದು ಆ ದಾರಿಯಲ್ಲಿ. ದಖ್ಖನಿನ ಗುಲಾಮಗಿರಿ ಬೇರೆ, ಕೆರೊಲಿನಾದ ಹತ್ತಿ ತೋಟದ ಗುಲಾಮಗಿರಿ ಬೇರೆ. ಇಲ್ಲಿ ಕೊಂಡು ತಂದವನು ಸೇನಾಪತಿಯಾಗಬಹುದಿತ್ತು, ಅಲ್ಲಿ ಅವನ ಮರಿಮೊಮ್ಮಗನಿಗೂ ಅಕ್ಷರ ಕಲಿಯುವ ಹಕ್ಕಿರಲಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ತೊರವಿಯ ಕಮಾನಿನ ಕೆಳಗೆ ನಿಂತ ಏಳನೆಯ ತರಗತಿಯ ಮಗುವಿಗೆ ಮಾರಾಟವಾದ ಹುಡುಗನೊಬ್ಬನ ಕಥೆಯೂ ಇಲ್ಲಿದೆ ಎಂದು ಗೊತ್ತಾಗಲಿ, ಅಷ್ಟೇ.

ಒಂದು ಮಾತು ಇಲ್ಲಿಯೇ ಸ್ಪಷ್ಟಪಡಿಸಬೇಕು. ಈ ಪತ್ರವನ್ನು ಯಾವ ಧರ್ಮದ ದೊರೆ ಎಂದು ನೋಡಿ ಬೈಯಲು ಬಳಸುವವರಿಗೆ ನಾನು ಜೊತೆಯಲ್ಲ. ಗುಡಿ ಕಟ್ಟಿಸಿದ ದೊರೆಗಳ ಮುಂದೆಯೂ ನನ್ನ ಪ್ರಶ್ನೆ ಇದೇ. ನಿಜ ಹೇಳಬೇಕೆಂದರೆ ಕಟ್ಟಿದವರ ಹೆಸರು ಬರೆಯುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ಲೋಕಮಹಾದೇವಿ ಎಂದು ಹೇಳುವ ಶಾಸನಗಳೇ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನೂ, ಸರ್ವಸಿದ್ಧಿ ಆಚಾರಿಯ ಹೆಸರನ್ನೂ ಮರ್ಯಾದೆಯಿಂದ ಹೇಳುತ್ತವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೆತ್ತಿಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಆದಿಲಶಾಹಿಗಳೂ ಇದಕ್ಕೆ ಹೊರತಲ್ಲ. ಇಬ್ರಾಹಿಂ ರೋಜಾದ ಗೋಡೆಯಲ್ಲಿ, ಈ ಕೆಲಸ ನಡೆದದ್ದು ಮಲಿಕ್ ಸಂದಲನ ದುಡಿಮೆಯಿಂದ, ತಗಲಿದ ಖರ್ಚು ಒಂದೂವರೆ ಲಕ್ಷದ ಮೇಲೆ 900 ಹೊನ್ನು ಎಂಬ ಬರಹವಿದೆ. ನಾನು ಆ ಅಂಕಿಯನ್ನು ಮಕ್ಕಳಿಗೆ ಹೇಳಿದಾಗಲೆಲ್ಲ ಯಾರಾದರೊಬ್ಬರು, "ಅದರಾಗ ಕೂಲಿ ಎಷ್ಟರಿ ಸರ?" ಎಂದು ಕೇಳಿಯೇ ಕೇಳುತ್ತಿದ್ದರು. ಮಕ್ಕಳು ಲೆಕ್ಕದಲ್ಲಿ ನಮಗಿಂತ ಚುರುಕು.

ಆಚಾರಿಗಳ ಹೆಸರು ಸಿಕ್ಕಿತು. ಕಲ್ಲು ಹೊತ್ತ ಒಡ್ಡರು, ಗಚ್ಚು ಅರೆದ ಹೆಂಗಸರು, ಸುರಂಗ ತೋಡಿದವರು ಇನ್ನೂ ಉಳಿದಿದ್ದಾರೆ. ತೊರವಿಯಿಂದ ವಿಜಯಪುರದ ಕೋಟೆಗೆ ನೆಲದೊಳಗಿನಿಂದಲೇ ನೀರು ಹರಿಸಿದರಲ್ಲ, ಸುರಂಗ ಬಾವಡಿ ಎಂದು ನೀವೇ ತೋರಿಸುತ್ತೀರಿ. ಕತ್ತಲಲ್ಲಿ ಬಗ್ಗಿ ಕೂತು ಗಟ್ಟಿ ಕಲ್ಲನ್ನು ಕೊರೆಯುತ್ತ ಮೈಲಿಗಟ್ಟಲೆ ಹೋದವರ ಬೆನ್ನು ನನಗೆ ಗುಮ್ಮಟದಷ್ಟೇ ದೊಡ್ಡದಾಗಿ ಕಾಣುತ್ತದೆ. ಅವರ ಹೆಸರು ಯಾವ ಕಾಗದದಲ್ಲೂ ಸಿಗದಿರಬಹುದು. ಆದರೆ ಅವರ ಕೆಲಸ ಸಿಗುತ್ತದೆ. ಉಳಿಯ ಗುರುತು ಎಲ್ಲಿದೆ, ಗಾಳಿಗೆಂದು ಎಷ್ಟು ದೂರಕ್ಕೊಂದು ಬಾವಿ ತೋಡಿದರು, ಮಣ್ಣನ್ನು ಹೇಗೆ ಮೇಲೆತ್ತಿದರು ಎಂದು ಬರೆಯಿರಿ. ಹೆಸರು ಗೊತ್ತಿಲ್ಲದವರನ್ನು ಅವರ ಕೈಕೆಲಸದಿಂದಲೇ ಪರಿಚಯಿಸಬಹುದು ಎಂದು ಚಾರ್ಲ್ಸ್‌ಟನ್ನಿನ ಇಟ್ಟಂಗಿ ನನಗೆ ತೋರಿಸಿತು.

ಕುಮಟಗಿಯದೂ ಇದೇ ಕಥೆ. ವಿಜಯಪುರದ ಪೂರ್ವಕ್ಕಿರುವ ಆ ಕೆರೆಯ ನಡುವಿನ ಮಂಟಪ, ಗೋಡೆಯ ಮೇಲೆ ಮಾಸುತ್ತಿರುವ ಕುಸ್ತಿಯ, ಕುದುರೆಯಾಟದ ಚಿತ್ರಗಳು, ಛಾವಣಿಯಿಂದ ತುಂತುರು ಹನಿ ಸುರಿಯುವಂತೆ ಮಾಡಿದ ಕೊಳವೆಗಳು ಎಲ್ಲ ಅರಸರ ಬೇಸಿಗೆಯ ಸುಖಕ್ಕೆ. ಆ ನೀರನ್ನು ಎತ್ತರದ ಗೋಪುರಕ್ಕೆ ಏರಿಸದೆ ಹನಿ ಬೀಳುವುದಿಲ್ಲ. ಅದನ್ನು ಏರಿಸಿದವರೂ ದುಡಿಯುವ ಜನರೇ. ಚಿತ್ರ ನೋಡಿ ಬಂದ ಹುಡುಗರು ನೀರಿನ ದಾರಿಯನ್ನೂ ಹಿಡಿದು ನಡೆಯುವಂತೆ ಒಂದು ಬಾಣದ ಗುರುತು ಹಾಕಿದರೆ ಸಾಕು.

ಇನ್ನು, ನಮ್ಮ ನಾಡಿನಲ್ಲಿ ಮೆಕ್ಲೌಡ್‌ನಂಥ ತೋಟ ಎಂಬ ಹೆಸರಿಗೆ ನಿಜವಾಗಿ ತಕ್ಕ ಜಾಗ ಎಂದರೆ ಕಾಫಿ ಎಸ್ಟೇಟುಗಳು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ಹಾಕಿದ ಮೇಲೆ ಕೊಡಗಿನ ಗುಡ್ಡಗಳು ಎಸ್ಟೇಟುಗಳಾಗುತ್ತ ಹೋದವು. ಬಂಗಲೆ ಒಂದೆಡೆ, ಸಾಲಾಗಿ ಹೊಂದಿಸಿದ ಲೈನ್ ಮನೆಗಳು ಇನ್ನೊಂದೆಡೆ. ಹಳೆಯ ಬಂಗಲೆಗಳಲ್ಲಿ ಅನೇಕವು ಈಗ ಪ್ರವಾಸಿಗರ ವಸತಿ. ಲೈನ್ ಮನೆಗಳಲ್ಲಿ ತಲೆಮಾರುಗಳನ್ನು ಕಳೆದ ಯರವ, ಪಣಿಯ, ಜೇನುಕುರುಬರ ಕುಟುಂಬಗಳು ಅಲ್ಲಿಂದ ಹೊರಬಂದು ದಿಡ್ಡಳ್ಳಿಯಲ್ಲಿ ತಮ್ಮದೇ ಗುಡಿಸಲು ಹಾಕಿಕೊಂಡರು. 2016ರ ಡಿಸೆಂಬರಿನಲ್ಲಿ ಅವನ್ನು ನೆಲಸಮ ಮಾಡಿದಾಗ ರಾಜ್ಯವೆಲ್ಲ ಅವರ ಮುಖ ನೋಡಿತು. ಬಂಗಲೆಯೊಂದನ್ನು ಪರಂಪರೆ ಎಂದು ಕಾಪಾಡುವವರು ಒಂದೇ ಒಂದು ಲೈನ್ ಮನೆಯನ್ನೂ ಇದ್ದ ಹಾಗೆಯೇ ಉಳಿಸಿ, ಅಲ್ಲಿ ಹುಟ್ಟಿದವರಿಂದಲೇ ಅದರ ಕಥೆ ಹೇಳಿಸಲಿ. ಪ್ರವಾಸಿಗರು ಮೊದಲು ಅಲ್ಲಿಗೆ ಹೋಗಲಿ, ಕಾಫಿ ಆಮೇಲೆ ಕುಡಿಯಲಿ. ನಮ್ಮ ಕಡೆಯಿಂದಲೂ ಕಾಫಿ ಹಣ್ಣು ಬಿಡಿಸಲು ಜನ ಅಲ್ಲಿಗೆ ಗುಳೆ ಹೋಗುತ್ತಾರೆ. ಅವರು ತಂದ ಕಾಫಿಪುಡಿ ನಮ್ಮ ಮನೆಯಲ್ಲೂ ಕುದಿದಿದೆ.

ಇದೆಲ್ಲ ಹಳೆಯ ಕಥೆ, ಈಗ ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಅವರನ್ನು ವಿಜಯಪುರದ ಹೊರವಲಯಕ್ಕೇ ಕರೆದೊಯ್ಯುತ್ತೇನೆ. ಜೀತ ಪದ್ಧತಿ ರದ್ದತಿ ಕಾನೂನು ಬಂದದ್ದು 1976ರಲ್ಲಿ. 2025ರ ಜನವರಿಯಲ್ಲಿ, ಸಂಕ್ರಮಣಕ್ಕೆಂದು ಊರಿಗೆ ಹೋಗಿ ತಡವಾಗಿ ಮರಳಿದರು ಎಂಬ ಕಾರಣಕ್ಕೆ ಮೂವರು ದಲಿತ ಕೂಲಿಕಾರರನ್ನು ನಮ್ಮ ವಿಜಯಪುರದ ಇಟ್ಟಂಗಿ ಭಟ್ಟಿಯೊಂದರಲ್ಲಿ ಕೂಡಿಹಾಕಿ ಪೈಪಿನಿಂದ ಹೊಡೆದ ದೃಶ್ಯವನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದೆವು. ಮುಂಗಡ ಪಡೆದಿದ್ದೇ ಅವರ ತಪ್ಪು. ಆ ದೃಶ್ಯ ನೋಡಿದ ರಾತ್ರಿ ನನಗೆ ಏಳನೆಯ ತರಗತಿಯ ಆ ಹುಡುಗಿ ನೆನಪಾದಳು. ಮುಂಗಡ ಹರಿಯುವವರೆಗೆ ಬಿಟ್ಟು ಹೋಗುವಂತಿಲ್ಲ ಎಂಬ ಮಾತು ಅವಳ ಮನೆಯಲ್ಲೂ ದಿನವೂ ಕೇಳುತ್ತಿದ್ದ ಮಾತು. ಕಬ್ಬು ಕಡಿಯಲು ಗ್ಯಾಂಗ್ ಕಟ್ಟಿಕೊಂಡು ಹೋಗುವ ನಮ್ಮ ತಾಂಡಾದ ಗಂಡ ಹೆಂಡತಿಯರ ಕೊರಳಿಗೂ ಇದೇ ಮುಂಗಡದ ಹಗ್ಗ. ಅವರ ಮಕ್ಕಳು ದೀಪಾವಳಿಯಿಂದ ಹೋಳಿಯವರೆಗೆ ನನ್ನ ಹಾಜರಿ ಪುಸ್ತಕದಲ್ಲಿ ಗೈರು. ಆ ಕಾಲಂನಲ್ಲಿ ಕೆಂಪು ಶಾಯಿಯಿಂದ ಎಷ್ಟು ಸೊನ್ನೆ ಹಾಕಿದ್ದೇನೋ.

ಆ ಗೈರಾದ ಮಕ್ಕಳೇ ಒಂದು ದಿನ ಗುಮ್ಮಟ ನೋಡಲು ಬರುತ್ತಾರೆ. ಇಂಥ ಸುಲ್ತಾನ ಕಟ್ಟಿದ ಎಂದು ಫಲಕ ಹೇಳಿದರೆ ಅವರು ಅದನ್ನು ಬೇರೆಯವರ ಊರು ಎಂದುಕೊಂಡು ನೋಡಿ ಹೋಗುತ್ತಾರೆ. ಇಂಥ ಸುಲ್ತಾನ ಕಟ್ಟಿಸಿದ, ಇಂಥವರು ಹೀಗೆ ಕಟ್ಟಿದರು ಎಂದು ಹೇಳಿದರೆ ಗೋಡೆಗೆ ಕೈ ಹಚ್ಚಿ ನೋಡುತ್ತಾರೆ. ಮುಟ್ಟಬೇಡಿ ಎಂಬ ಇನ್ನೊಂದು ಫಲಕವೂ ಇದೆಯೆಂದು ನನಗೆ ಗೊತ್ತು, ಅದು ಇರಲಿ.

ನಾನು ಕೇಳುವುದು ದೊಡ್ಡದೇನಲ್ಲ. ಮೊದಲು ಕನ್ನಡ ಫಲಕಗಳಲ್ಲಿ ಕ್ರಿಯಾಪದ ಸರಿಪಡಿಸಿ. ಕಟ್ಟಿಸಿದವರಿಗೆ ಕಟ್ಟಿಸಿದರು ಎಂದೇ ಬರೆಯಿರಿ. ಅದರ ಕೆಳಗೆ ನಾಲ್ಕು ಸಾಲು ಕೆಲಸದ ಬಗ್ಗೆ ಬರೆಯಿರಿ: ಕಲ್ಲು ಎಲ್ಲಿಯದು, ಸುಣ್ಣ ಎಲ್ಲಿ ಸುಟ್ಟರು, ಇಟ್ಟಂಗಿ ಹೇಗೆ ಮೇಲೇರಿತು, ಶಾಸನದಲ್ಲಿ ಯಾರ ಹೆಸರಿದೆ. ಒಡ್ಡರ ಓಣಿಗೆ ಹೋಗಿ ಹಿರಿಯರನ್ನು ಕೇಳಿ. ಕಲ್ಲು ಸೀಳುವ, ಸಾಗಿಸುವ, ಎತ್ತಿ ಕೂರಿಸುವ ವಿದ್ಯೆಯ ಮಾತುಗಳು ಅವರ ಬಾಯಲ್ಲಿ ಇನ್ನೂ ಇವೆ. ಅವು ಯಾವುದಾದರೂ ನಿಘಂಟಿಗೆ ಸೇರುವ ಮೊದಲೇ ಹೋಗಿಬಿಡುತ್ತವೆ ಎಂಬ ಭಯ ನನಗಿದೆ. ಮಾರ್ಗದರ್ಶಿಗಳಿಗೆ ತರಬೇತಿ ಕೊಡುವಾಗ ತಿರುಗಾಟವನ್ನು ಗೋರಿಯ ಬಾಗಿಲಿನಿಂದ ಶುರು ಮಾಡದೆ ಒಮ್ಮೆ ಕಲ್ಲುಗಣಿಯಿಂದ ಶುರು ಮಾಡಿ ನೋಡಿ ಎಂದು ಹೇಳಿ. ಮೆಕ್ಲೌಡ್ ತೋಟದಲ್ಲಿ ಅವರು ಬದಲಿಸಿದ್ದು ಇದನ್ನೇ, ಮೊದಲು ಎಲ್ಲಿ ನಿಲ್ಲಬೇಕು ಎಂಬುದನ್ನು.

ಆ ಹುಡುಗಿ ಈಗ ತೊರವಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಉತ್ತರ ತಡವಾಯಿತು ಎಂದು ಅವಳಿಗೆ ಹೇಳಿದ್ದೇನೆ, ಚಾರ್ಲ್ಸ್‌ಟನ್ನಿನ ಇಟ್ಟಂಗಿಯ ಫೋಟೊ ತೋರಿಸಿದ್ದೇನೆ. ಬರುವ ದೀಪಾವಳಿ ಸೂಟಿಯ ನಂತರದ ಮೊದಲ ಶನಿವಾರ ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ನಾವಿಬ್ಬರೂ ಸಂಗೀತ ಮಹಲಿಗೆ ಹೊರಟಿದ್ದೇವೆ. ಕಮಾನಿನ ಮುಂದೆ ಅಲ್ಲ, ಹಿಂದಿನ ಗೋಡೆ ಕಿತ್ತು ಒಳಗಿನ ಕಲ್ಲು, ಗಚ್ಚು ಕಾಣುವ ಕಡೆಯಿಂದ ಶುರು ಮಾಡುತ್ತೇವೆ. ಬೆಳಿಗ್ಗೆ ಒಂಬತ್ತಕ್ಕೆ. ಫಲಕ ಬರೆಯುವ ನಿಮ್ಮಲ್ಲಿ ಯಾರಿಗಾದರೂ ಬಿಡುವಿದ್ದರೆ ಬನ್ನಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆಯ ಬುತ್ತಿ ನಿಮಗೂ ಸೇರಿಸಿ ಕಟ್ಟಿಕೊಂಡು ಬರುತ್ತೇವೆ.

ನಿಮ್ಮವ,
ಇಟ್ಟಂಗಿಹಾಳದ ಒಬ್ಬ ನಿವೃತ್ತ ಕನ್ನಡ ಮಾಸ್ತರ